ಹತ್ತನೇ ತರಗತಿ ಮುಗಿಸಿ ನವೋದಯಕ್ಕೆ ಸೇರಲು ಏನೇನು ಬೇಕು?

ಪ್ರಶ್ನೆ: ಸರ, ನಮಸ್ಕಾರ. ನಾನು ಕೊಪ್ಪಳ ಜಿಲ್ಲೆ ಯಲಬುರ್ಗಾ ತಾಲೂಕಿನ ಒಂದು ಹಳ್ಳಿಯಲ್ಲಿ ಅಂಗನವಾಡಿ ಕಾರ್ಯಕರ್ತೆ, ಯಜಮಾನರು ಒಕ್ಕಲುತನ ಮಾಡುತ್ತಾರೆ. ಮಗಳು ಊರಿನ ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದುತ್ತಿದ್ದಾಳೆ, ಈಗ ಒಂಬತ್ತು ಮುಗಿಸಿ ಹತ್ತಕ್ಕೆ ಬಂದಿದ್ದಾಳೆ. ಹತ್ತು ಮುಗಿದ ಮೇಲೆ ಕುಕನೂರಿನ ನವೋದಯ ವಸತಿ ಶಾಲೆಯಲ್ಲಿ ಹನ್ನೊಂದನೇ ತರಗತಿ ವಿಜ್ಞಾನಕ್ಕೆ ಸೇರಬೇಕೆಂದು ಅವಳ ಆಸೆ. ಎಸ್‌ಎಸ್‌ಎಲ್‌ಸಿಯಲ್ಲಿ ಶೇಕಡಾ 90 ಬಂದರೆ ಸೀಟು ಗ್ಯಾರಂಟಿ ಎಂದು ಒಬ್ಬರು ಹೇಳುತ್ತಾರೆ, ಕನ್ನಡ ಮಾಧ್ಯಮದವರಿಗೆ ಆಗುವುದೇ ಇಲ್ಲ ಎಂದು ಇನ್ನೊಬ್ಬರು. ಧಾರವಾಡದಲ್ಲಿರುವ ನನ್ನ ತಮ್ಮ, ‘ಹತ್ತನೇ ತರಗತಿಗೆ ನಮ್ಮ ಮನೆಗೇ ಕಳಿಸಕ್ಕ, ಇಲ್ಲಿ ಟ್ಯೂಷನ್ ಚೆನ್ನಾಗಿದೆ’ ಅನ್ನುತ್ತಿದ್ದಾನೆ. ಅವಳಿಗೆ ಎನ್‌ಎಂಎಂಎಸ್ ವಿದ್ಯಾರ್ಥಿವೇತನ ಬರುತ್ತಿದೆ. ನಾವು ಹಿಂದುಳಿದ ವರ್ಗಗಳ 2ಎ. ಸಿಬಿಎಸ್‌ಇಗೆ ಹೋದರೆ ಮುಂದೆ ಸಿಇಟಿಯಲ್ಲಿ ಗ್ರಾಮೀಣ, ಕನ್ನಡ ಮಾಧ್ಯಮದ ಮೀಸಲಾತಿ ಹೋಗುತ್ತದೆಯೇ? ನಾಲ್ಕನೇ ತರಗತಿಯ ಮಗನೂ ಇದ್ದಾನೆ, ಅವನಿಗೇನಾದರೂ ದಾರಿ ಇದ್ದರೆ ತಿಳಿಸಿ.

ಉತ್ತರ: ತಾಯಿ, ಉಳಿದದ್ದನ್ನೆಲ್ಲ ಆಮೇಲೆ ಓದುವಿರಂತೆ, ಮೊದಲು ಧಾರವಾಡದ ತಮ್ಮನಿಗೆ ಫೋನ್ ಮಾಡಿ ‘ಬೇಡ’ ಎಂದು ಹೇಳಿಬಿಡಿ.

ಅವರ ಪ್ರೀತಿಯ ಬಗ್ಗೆ ನನಗೆ ಎರಡು ಮಾತಿಲ್ಲ. ಆದರೆ ಹನ್ನೊಂದನೇ ತರಗತಿಯ ನವೋದಯ ಪ್ರವೇಶಕ್ಕೆ ಇರುವ ಷರತ್ತುಗಳಲ್ಲಿ ಎಲ್ಲಕ್ಕಿಂತ ಗಟ್ಟಿಯಾದದ್ದು ಜಿಲ್ಲೆಯದು. ಯಾವ ಜಿಲ್ಲೆಯ ನವೋದಯಕ್ಕೆ ಅರ್ಜಿ ಹಾಕುತ್ತೀರೋ ಅದೇ ಜಿಲ್ಲೆಯ ಸರ್ಕಾರಿ ಅಥವಾ ಸರ್ಕಾರದ ಮಾನ್ಯತೆ ಇರುವ ಶಾಲೆಯಲ್ಲಿ ಆ ಶೈಕ್ಷಣಿಕ ವರ್ಷ ಹತ್ತನೇ ತರಗತಿ ಓದುತ್ತಿರಬೇಕು, ಆ ಜಿಲ್ಲೆಯ ನಿವಾಸಿಯೂ ಆಗಿರಬೇಕು. ಮಗಳ ಹೆಸರು ಧಾರವಾಡದ ಶಾಲೆಯ ಹಾಜರಿ ಪುಸ್ತಕಕ್ಕೆ ಹೋದ ದಿನವೇ ಕುಕನೂರಿನ ಬಾಗಿಲು ಮುಚ್ಚಿದಂತೆ. ಧಾರವಾಡದ ನವೋದಯಕ್ಕೆ ಹಾಕೋಣವೆಂದರೆ, ಮನೆಯ ದಾಖಲೆಗಳೆಲ್ಲ ಯಲಬುರ್ಗಾ ತಾಲೂಕಿನವು. ಕೊನೆಗೆ ಅಲ್ಲಿಯೂ ಇಲ್ಲ, ಇಲ್ಲಿಯೂ ಇಲ್ಲ.

ನಾನು ನವೋದಯದಲ್ಲಿ ಗಣಿತ ಕಲಿಸಿ ನಿವೃತ್ತನಾದವನು. ಪ್ರವೇಶದ ಮೇಜಿನ ಮುಂದೆ ಕೂತು ಕಾಗದ ಪರಿಶೀಲಿಸಿದ ವರ್ಷಗಳಲ್ಲಿ ಅಂಕ ಕಡಿಮೆಯಾಗಿ ಅತ್ತ ಮಕ್ಕಳಿಗಿಂತ, ಕಾಗದ ಹೊಂದದೆ ಹಿಂದಿರುಗಿದ ಮಕ್ಕಳೇ ನನಗೆ ಹೆಚ್ಚು ನೆನಪಿದ್ದಾರೆ. ಒಬ್ಬ ಹುಡುಗನನ್ನು ಹತ್ತನೇ ತರಗತಿಯ ಮಧ್ಯದಲ್ಲಿ ಪಕ್ಕದ ಜಿಲ್ಲೆಯ ಒಂದು ತರಬೇತಿ ಕೇಂದ್ರಕ್ಕೆ ಸೇರಿಸಿದ್ದರು. ‘ನಾವೇ ಎಲ್ಲ ನೋಡಿಕೊಳ್ಳುತ್ತೇವೆ’ ಎಂದ ಕೇಂದ್ರದವರು ಅವನ ದಾಖಲಾತಿಯನ್ನೂ ಅಲ್ಲಿನದೊಂದು ಶಾಲೆಗೆ ಬದಲಾಯಿಸಿಬಿಟ್ಟಿದ್ದರು. ಪರೀಕ್ಷೆ ಚೆನ್ನಾಗಿಯೇ ಬರೆದಿದ್ದ. ವ್ಯಾಸಂಗ ಪ್ರಮಾಣಪತ್ರ ತೆಗೆದು ನೋಡಿದಾಗ ಶಾಲೆಯೊಂದು ಜಿಲ್ಲೆ, ಮನೆಯೊಂದು ಜಿಲ್ಲೆ. ನಿಯಮದ ಎದುರು ನಾವು ಮಾಡುವುದೇನೂ ಇರಲಿಲ್ಲ. ತಮ್ಮನ ಮನೆಗೆ ದಸರಾ ರಜೆಯಲ್ಲಿ ಹದಿನೈದು ದಿನ ಕಳಿಸಿ, ಟ್ಯೂಷನ್ ಬೇಕಾದರೆ ಆಗ ಆಗಲಿ. ಶಾಲೆ ಮಾತ್ರ ಊರಿನದೇ ಇರಲಿ.

ಈಗ ಶೇಕಡಾ 90ರ ಮಾತು. ಹೇಳಿದವರು ಸುಳ್ಳು ಹೇಳುತ್ತಿಲ್ಲ, ಹಳೆಯದನ್ನು ಹೇಳುತ್ತಿದ್ದಾರೆ. ಕೆಲವು ವರ್ಷಗಳ ಹಿಂದಿನವರೆಗೂ ಹನ್ನೊಂದನೇ ತರಗತಿಯ ಖಾಲಿ ಸೀಟುಗಳನ್ನು ಹತ್ತನೇ ತರಗತಿಯ ಅಂಕ ನೋಡಿಯೇ ತುಂಬುತ್ತಿದ್ದರು. 2023ರಿಂದ ಅದಕ್ಕೂ ಪ್ರವೇಶ ಪರೀಕ್ಷೆ ಬಂತು. ಆ ವರ್ಷ ಜುಲೈನಲ್ಲಿ ನಡೆಯಿತು. ಆಮೇಲಿನಿಂದ ಒಂಬತ್ತನೇ ತರಗತಿಯ ಲ್ಯಾಟರಲ್ ಎಂಟ್ರಿ (ನಡುವೆ ಸೇರುವವರ) ಪರೀಕ್ಷೆಯ ಜೊತೆಗೇ ಫೆಬ್ರುವರಿಯಲ್ಲಿ ನಡೆಯುತ್ತಿದೆ: 2024ರಲ್ಲಿ ಫೆಬ್ರುವರಿ 10, 2025ರಲ್ಲಿ ಫೆಬ್ರುವರಿ 8, 2026ರಲ್ಲಿ ಫೆಬ್ರುವರಿ 7. ಮೂರೂ ಶನಿವಾರಗಳೇ. ಅಂದರೆ ಎಸ್‌ಎಸ್‌ಎಲ್‌ಸಿ ಬರೆಯುವ ಮೊದಲೇ, ಪೂರ್ವಸಿದ್ಧತಾ ಪರೀಕ್ಷೆಗಳ ಗಡಿಬಿಡಿಯ ನಡುವೆಯೇ ಇದನ್ನು ಬರೆಯಬೇಕು. ಎಸ್‌ಎಸ್‌ಎಲ್‌ಸಿಯಲ್ಲಿ 625ಕ್ಕೆ 600 ತೆಗೆದರೂ ಫೆಬ್ರುವರಿಯ ಪರೀಕ್ಷೆಗೆ ಕೂರದಿದ್ದವರ ಹೆಸರು ಆಯ್ಕೆ ಪಟ್ಟಿಯಲ್ಲಿ ಬರುವುದಿಲ್ಲ.

ಹಾಗೆಂದು ಹತ್ತನೇ ತರಗತಿಯ ಅಂಕಕ್ಕೆ ಬೆಲೆಯಿಲ್ಲ ಎಂದುಕೊಳ್ಳಬೇಡಿ. ಆಯ್ಕೆಯಾದ ಮೇಲೆ ವಿಜ್ಞಾನವೋ ವಾಣಿಜ್ಯವೋ ಕಲೆಯೋ ಎಂಬ ಹಂಚಿಕೆಗೆ ಆ ಅಂಕಗಳನ್ನು ನೋಡುತ್ತಾರೆ. ಎಲ್ಲ ನವೋದಯಗಳಲ್ಲೂ ಎಲ್ಲ ವಿಭಾಗಗಳಿರುವುದಿಲ್ಲ. ಮಗಳಿಗೆ ವಿಜ್ಞಾನವೇ ಬೇಕೆಂದಿದ್ದರೆ ಒಂದು ದಿನ ಕುಕನೂರಿಗೆ ಹೋಗಿ, ಕಚೇರಿಯಲ್ಲಿ ಎರಡು ಪ್ರಶ್ನೆ ಕೇಳಿ ಬನ್ನಿ: ಇಲ್ಲಿ ಯಾವ ವಿಭಾಗಗಳಿವೆ, ಹೋದ ವರ್ಷ ಹನ್ನೊಂದರಲ್ಲಿ ಹೊರಗಿನವರನ್ನು ಎಷ್ಟು ಮಂದಿ ತೆಗೆದುಕೊಂಡಿರಿ. ಎರಡನೆಯದಕ್ಕೆ ಸಿಗುವ ಉತ್ತರ ನಿಮಗೆ ನನ್ನ ಈ ಉದ್ದದ ಪತ್ರಕ್ಕಿಂತ ಹೆಚ್ಚು ತಿಳಿಸುತ್ತದೆ.

ಯಾಕೆಂದರೆ ನವೋದಯದ ತಲೆಬಾಗಿಲು ಆರನೇ ತರಗತಿ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಕಾಲದಲ್ಲಿ, ಹಳ್ಳಿಯ ಬುದ್ಧಿವಂತ ಮಕ್ಕಳಿಗೆ ಜಿಲ್ಲೆಗೊಂದು ವಸತಿ ಶಾಲೆ ಎಂಬ ಯೋಚನೆಯಲ್ಲಿ ಹುಟ್ಟಿದ್ದು ಇದು. ಮೊದಲ ಎರಡು ಶಾಲೆಗಳು ಹರಿಯಾಣದ ಝಜ್ಜರ್‌ನಲ್ಲಿ ಮತ್ತು ಮಹಾರಾಷ್ಟ್ರದ ಅಮರಾವತಿಯಲ್ಲಿ ಶುರುವಾದವು. ಪ್ರತಿ ಶಾಲೆಯೂ ಆರನೇ ತರಗತಿಗೆ ಹೆಚ್ಚೆಂದರೆ 80 ಮಕ್ಕಳನ್ನು ತೆಗೆದುಕೊಂಡು ಹನ್ನೆರಡರವರೆಗೆ ಸಾಕುತ್ತದೆ. ಒಂಬತ್ತು ಮತ್ತು ಹನ್ನೊಂದರ ಪ್ರವೇಶ ಪಕ್ಕದ ಬಾಗಿಲು. ಒಳಗಿದ್ದವರು ಯಾರಾದರೂ ಎದ್ದು ಹೋದರೆ ಆ ಜಾಗಕ್ಕೆ ಮಾತ್ರ ಕರೆಯುತ್ತಾರೆ. ಹತ್ತು ಮುಗಿಸಿದ ಮಕ್ಕಳಲ್ಲಿ ಕೆಲವರು ನೀಟ್, ಜೆಇಇ ಎಂದು ಮಂಗಳೂರು, ಹೈದರಾಬಾದ್ ಕಡೆಗೆ ಹೊರಡುತ್ತಾರೆ, ಇನ್ನು ಕೆಲವರಿಗೆ ಡಿಪ್ಲೊಮಾ ಬೇಕಿರುತ್ತದೆ. ಒಂದು ವರ್ಷ ಹೆಚ್ಚು ಜನ ಹೋಗುತ್ತಾರೆ, ಇನ್ನೊಂದು ವರ್ಷ ಯಾರೂ ಅಲುಗುವುದಿಲ್ಲ. ಅದಕ್ಕೇ ‘ಇಷ್ಟು ಅಂಕ ಬಂದರೆ ಗ್ಯಾರಂಟಿ’ ಎಂಬ ಗೆರೆಯನ್ನು ಯಾರೂ ಎಳೆಯಲಾರರು. ಎಳೆದು ತೋರಿಸುವವರಿಗೆ ದುಡ್ಡು ಕೊಡಬೇಡಿ.

ವಯಸ್ಸಿನ ವಿಷಯ. 2026–27ರ ಪ್ರವೇಶಕ್ಕೆ 2009ರ ಜೂನ್ 1ರಿಂದ 2011ರ ಜುಲೈ 31ರೊಳಗೆ, ಆ ಎರಡೂ ದಿನ ಸೇರಿ, ಹುಟ್ಟಿದವರನ್ನು ಕರೆದಿದ್ದರು. ಅದರ ಹಿಂದಿನ ವರ್ಷ ಇದೇ ಲೆಕ್ಕ 2008ರಿಂದ 2010. ಹೀಗೆ ವರ್ಷಕ್ಕೊಂದು ವರ್ಷ ಮುಂದೆ ಸರಿಯುತ್ತದೆ, ನಿಮ್ಮ ಮಗಳ ಸಾಲಿಗೆ ಬರುವಾಗ ಇನ್ನೊಂದು ವರ್ಷ ಕೂಡಿಸಿಕೊಳ್ಳಿ. ಪರಿಶಿಷ್ಟ ಜಾತಿ, ಪಂಗಡ ಸೇರಿದಂತೆ ಯಾರಿಗೂ ಇದರಲ್ಲಿ ಸಡಿಲಿಕೆ ಇಲ್ಲ. ನಮ್ಮ ಕಡೆ ಒಂದು ತಮಾಷೆ ಇದೆ, ನಿಮಗೂ ಗೊತ್ತಿರುತ್ತದೆ: ಒಂದನೇ ತರಗತಿಗೆ ಸೇರಿಸುವಾಗ ಮೇಷ್ಟ್ರೇ ಜೂನ್ 1 ಎಂದು ಬರೆದುಕೊಂಡು ಅರ್ಧ ಊರಿನ ಹುಟ್ಟುಹಬ್ಬ ಒಂದೇ ದಿನಕ್ಕೆ ತಂದಿಟ್ಟಿರುತ್ತಾರೆ. ಜನನ ಪ್ರಮಾಣಪತ್ರದಲ್ಲಿ ಒಂದು, ಶಾಲೆಯಲ್ಲಿ ಒಂದು, ಆಧಾರ್‌ನಲ್ಲಿ ಮೂರನೆಯದು. ಇವು ಮೂರೂ ಒಂದೇ ಆಗಿವೆಯೇ ಎಂದು ಈ ತಿಂಗಳೇ ನೋಡಿ. ತಿದ್ದುವುದಿದ್ದರೆ ಎಸ್‌ಎಸ್‌ಎಲ್‌ಸಿ ನೋಂದಣಿಗೆ ಮುಂಚೆ ಮುಖ್ಯ ಶಿಕ್ಷಕರನ್ನು ಕಾಣಬೇಕು. ಅಂಕಪಟ್ಟಿ ಅಚ್ಚಾದ ಮೇಲೆ ಅದು ಕಚೇರಿಯಿಂದ ಕಚೇರಿಗೆ ಅಲೆದಾಟ. ಹೆಸರಿನ ಇನಿಷಿಯಲ್‌ಗೂ ಇದೇ ಮಾತು.

ಅರ್ಜಿಗೆ ಶುಲ್ಕವಿಲ್ಲ. ನವೋದಯ ವಿದ್ಯಾಲಯ ಸಮಿತಿಯ ಜಾಲತಾಣದಲ್ಲೇ ತುಂಬಬೇಕು, ಫೋಟೊ, ಮಗಳ ಸಹಿ, ಪೋಷಕರ ಸಹಿ, ಮುಖ್ಯ ಶಿಕ್ಷಕರು ರುಜು ಹಾಕಿದ ಪ್ರಮಾಣಪತ್ರ ಸೇರಿಸಬೇಕು. ಯಾವಾಗ ಕರೆಯುತ್ತಾರೆ ಎನ್ನುವುದೇ ತೊಡಕು. 2024ರಲ್ಲಿ ಅಕ್ಟೋಬರ್‌ನಲ್ಲಿ ಕರೆದಿದ್ದರು, 2025ರಲ್ಲಿ ಜುಲೈ ಕೊನೆಗೇ ಶುರುಮಾಡಿಬಿಟ್ಟರು. ಜುಲೈನಿಂದ ಹದಿನೈದು ದಿನಕ್ಕೊಮ್ಮೆ ಜಾಲತಾಣ ನೋಡುವ ಕೆಲಸವನ್ನು ಮಗಳಿಗೇ ಒಪ್ಪಿಸಿ. ಕೊನೆಯ ದಿನಾಂಕವನ್ನು ಮುಂದೂಡುವುದು ರೂಢಿ, ಆದರೆ ಅದನ್ನು ನಂಬಿ ಕೂರಬೇಡಿ. ಸೈಬರ್ ಸೆಂಟರ್‌ನಲ್ಲಿ ತುಂಬಿಸುವುದಾದರೆ ಎದುರಿಗೇ ಕುಳಿತು ಜಿಲ್ಲೆ, ಜನ್ಮದಿನಾಂಕ, ಪರೀಕ್ಷೆಯ ಮಾಧ್ಯಮ ಈ ಮೂರನ್ನು ಜೋರಾಗಿ ಓದಿಸಿ ಕೇಳಿಕೊಳ್ಳಿ. ಈ ವರ್ಷ ತಪ್ಪಿದರೆ ಮುಂದಿನ ವರ್ಷ ಎಂಬುದಿಲ್ಲ. ಹಿಂದಿನ ವರ್ಷಗಳಲ್ಲಿ ಹತ್ತು ಮುಗಿಸಿದವರು ಈ ಪರೀಕ್ಷೆಗೆ ಅರ್ಹರಲ್ಲ.

ಇನ್ನು ಪರೀಕ್ಷೆ ಹೇಗಿರುತ್ತದೆ ಎಂಬುದು. ನೂರು ಪ್ರಶ್ನೆ, ನೂರು ಅಂಕ, ಎರಡೂವರೆ ಗಂಟೆ. ಮಾನಸಿಕ ಸಾಮರ್ಥ್ಯ, ಇಂಗ್ಲಿಷ್, ವಿಜ್ಞಾನ, ಸಮಾಜ ವಿಜ್ಞಾನ, ಗಣಿತ, ಐದಕ್ಕೂ ತಲಾ 20. ಎಲ್ಲವೂ ಬಹುಆಯ್ಕೆ, ಒಎಂಆರ್ ಹಾಳೆಯಲ್ಲಿ ಗುಂಡಗೆ ತುಂಬಬೇಕು. ಮಟ್ಟ ಹತ್ತನೇ ತರಗತಿಯದು. ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಕನ್ನಡ ಮಾಧ್ಯಮದವರಿಗೆ ಆಗುವುದೇ ಇಲ್ಲ ಎಂದವರ ಮಾತಿನ ಬೇರು ಇಲ್ಲಿದೆ. ಆಗುವುದಿಲ್ಲ ಎನ್ನುವುದು ತಪ್ಪು, ಕಷ್ಟ ಎನ್ನುವುದು ನಿಜ. ಈ ಕಷ್ಟವನ್ನು ಬಿಡಿಸಿ ನೋಡಿದರೆ ಅದು ಹೆದರುವಷ್ಟು ದೊಡ್ಡದಲ್ಲ.

ಗಣಿತ, ವಿಜ್ಞಾನದಲ್ಲಿ ನಿಮ್ಮ ಮಗಳಿಗೆ ವಿಷಯ ಹೊಸದಲ್ಲ. ನಮ್ಮ ರಾಜ್ಯದ ಪ್ರೌಢಶಾಲೆಯ ಈ ಎರಡು ಪುಸ್ತಕಗಳು ಸಿಬಿಎಸ್‌ಇ ಶಾಲೆಗಳು ಬಳಸುವ ಎನ್‌ಸಿಇಆರ್‌ಟಿ ಪುಸ್ತಕಗಳನ್ನೇ ಆಧರಿಸಿದವು. ಅದೇ ವರ್ಗ ಸಮೀಕರಣ, ಅದೇ ಸಮಾಂತರ ಶ್ರೇಢಿ, ಅದೇ ಬೆಳಕಿನ ಪಾಠ. ತೊಡಕಾಗುವುದು ಹೆಸರುಗಳು. ನಿಮ್ನ ದರ್ಪಣ ಎಂದರೆ ಥಟ್ಟನೆ ಚಿತ್ರ ಬರೆದು ತೋರಿಸುವ ಹುಡುಗಿ ‘ಕಾನ್‌ಕೇವ್ ಮಿರರ್’ ಎಂದಾಗ ಅದು ಒಳಗೆ ಬಾಗಿದ್ದೋ ಹೊರಗೆ ಉಬ್ಬಿದ್ದೋ ಎಂದು ಅನುಮಾನಿಸುತ್ತಾಳೆ. ಸ್ಪರ್ಶಕ ಗೊತ್ತು, ‘ಟ್ಯಾಂಜೆಂಟ್’ ಗೊತ್ತಿಲ್ಲ. ಲಸಾಅ ಮಾಡುತ್ತಾಳೆ, ‘ಎಲ್‌ಸಿಎಂ’ ಎಂದರೆ ನಿಲ್ಲುತ್ತಾಳೆ. ನಾನು ಮಕ್ಕಳಿಗೆ ಹೇಳುತ್ತಿದ್ದ ಉಪಾಯ ತುಂಬ ಹಳೆಯದು: ಇನ್ನೂರು ಪುಟದ ಒಂದು ನೋಟ್‌ಬುಕ್, ಎಡಗಡೆ ಕನ್ನಡ ಪದ, ಬಲಗಡೆ ಇಂಗ್ಲಿಷ್, ಅದರ ಕೆಳಗೆ ಸಣ್ಣದೊಂದು ಚಿತ್ರ ಅಥವಾ ಲೆಕ್ಕ. ಪಾಠವೊಂದಕ್ಕೆ ಇಪ್ಪತ್ತು ಮೂವತ್ತು ಪದ ಬರುತ್ತವೆ. ಜೊತೆಗೆ ಅದೇ ಪುಸ್ತಕದ ಇಂಗ್ಲಿಷ್ ಮಾಧ್ಯಮದ ಪ್ರತಿ ಒಂದನ್ನು ಇಟ್ಟುಕೊಂಡು, ಶಾಲೆಯಲ್ಲಿ ಕನ್ನಡದಲ್ಲಿ ಆದ ಪಾಠವನ್ನು ಸಂಜೆ ಇಂಗ್ಲಿಷ್‌ನಲ್ಲಿ ಓದಲಿ. ಅರ್ಥ ಮೊದಲೇ ತಲೆಯಲ್ಲಿರುವುದರಿಂದ ಭಾಷೆ ಸಲೀಸಾಗಿ ಹಿಡಿಯುತ್ತದೆ. ಅರ್ಥವೂ ಹೊಸದು, ಭಾಷೆಯೂ ಹೊಸದು ಎಂದಾಗಲೇ ಮಕ್ಕಳು ಕುಗ್ಗುವುದು.

ಮಾನಸಿಕ ಸಾಮರ್ಥ್ಯದಲ್ಲಿ ಒಂದು ವಿಚಿತ್ರ ನೋಡಿದ್ದೇನೆ. ರಕ್ತಸಂಬಂಧದ ಪ್ರಶ್ನೆಗಳು ಬರುತ್ತವೆ, ‘ಫೋಟೊದಲ್ಲಿರುವ ಗಂಡಸು ನನ್ನ ತಾಯಿಯ ಅಣ್ಣನ ಮಗ’ ಎಂಬಂಥವು. ಮದುವೆ ಮನೆಯಲ್ಲಿ ಯಾರು ಯಾರಿಗೆ ಏನಾಗಬೇಕು ಎಂದು ಮೂರು ತಲೆಮಾರು ಬಿಡಿಸಿ ಹೇಳಬಲ್ಲ ನಮ್ಮ ಹಳ್ಳಿ ಮಕ್ಕಳು ಇಂಥದ್ದರಲ್ಲಿ ನೂರಕ್ಕೆ ನೂರು ತೆಗೆಯಬೇಕು. ಆದರೆ ತಪ್ಪುವುದು ಅಲ್ಲೇ. ಯಾಕೆಂದರೆ ನಮ್ಮ ಭಾಷೆ ಹೆಚ್ಚು ಖಚಿತ. ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ ಮೂವರೂ ಬೇರೆ ಬೇರೆ, ಇಂಗ್ಲಿಷ್‌ಗೆ ಮೂವರೂ ‘ಅಂಕಲ್’. ಚಿಕ್ಕಪ್ಪನ ಮಗ ನಮಗೆ ತಮ್ಮನೇ, ಪರೀಕ್ಷೆಯಲ್ಲಿ ‘ಬ್ರದರ್’ ಎಂದು ಗುರುತು ಹಾಕಿದರೆ ಅಂಕ ಹೋಯಿತು, ಅಲ್ಲಿ ಅವನು ‘ಕಸಿನ್’. ಮೈದುನ, ಭಾವ, ನಾದಿನಿಯ ಗಂಡ ಎಲ್ಲರೂ ಒಂದೇ ‘ಬ್ರದರ್ ಇನ್ ಲಾ’. ಅಳಿಯ ಎಂಬ ನಮ್ಮ ಒಂದು ಪದ ಅಲ್ಲಿ ‘ನೆಫ್ಯೂ’ ಕೂಡ, ‘ಸನ್ ಇನ್ ಲಾ’ ಕೂಡ. ಒಂದು ಭಾನುವಾರ ನಿಮ್ಮ ಮನೆಯ ವಂಶವೃಕ್ಷವನ್ನೇ ಬರೆದು ಪ್ರತಿಯೊಬ್ಬರ ಪಕ್ಕದಲ್ಲಿ ಇಂಗ್ಲಿಷ್ ಹೆಸರು ಬರೆಸಿ. ಈ ಭಾಗ ಅಲ್ಲಿಗೆ ಮುಗಿಯಿತು. ಉಳಿದಂತೆ ಸಂಖ್ಯಾಸರಣಿ, ಸಂಕೇತ, ದಿಕ್ಕು, ಆಕೃತಿಗಳು ಅಭ್ಯಾಸದಿಂದ ಬರುವಂಥವು. ಎನ್‌ಎಂಎಂಎಸ್ ಪಾಸಾದ ಹುಡುಗಿ ಎಂದಿರಲ್ಲ, ಆ ಪರೀಕ್ಷೆಗೆ ಇದೇ ಜಾತಿಯ ಪ್ರಶ್ನೆಗಳನ್ನು ಅವಳು ಎಂಟನೇ ತರಗತಿಯಲ್ಲೇ ಬಿಡಿಸಿದ್ದಾಳೆ. ಹಳೆಯ ಪುಸ್ತಕ ಅಟ್ಟದ ಮೇಲಿದ್ದರೆ ಇಳಿಸಿ.

ನನಗೆ ನಿಜವಾಗಿ ಚಿಂತೆ ಇರುವುದು ಸಮಾಜ ವಿಜ್ಞಾನದ ಇಪ್ಪತ್ತು ಅಂಕಗಳ ಬಗ್ಗೆ. ಇದನ್ನು ಬಹಳ ಜನ ಗಮನಿಸುವುದಿಲ್ಲ. ಗಣಿತ, ವಿಜ್ಞಾನದಂತೆ ಈ ಪುಸ್ತಕ ಎರಡೂ ಕಡೆ ಒಂದೇ ಅಲ್ಲ. ನಮ್ಮ ರಾಜ್ಯದ ಹತ್ತನೇ ತರಗತಿ ಪುಸ್ತಕ ಭಾರತಕ್ಕೆ ಯುರೋಪಿಯನ್ನರ ಆಗಮನದಿಂದ ಶುರುವಾಗಿ ಕರ್ನಾಟಕದಲ್ಲಿ ಬ್ರಿಟಿಷರಿಗೆ ಎದುರಾದ ಪ್ರತಿರೋಧದ ಮೂಲಕ ಸಾಗುತ್ತದೆ, ಸಮಾಜಶಾಸ್ತ್ರವೂ ವ್ಯವಹಾರ ಅಧ್ಯಯನವೂ ಅದರಲ್ಲಿವೆ. ಎನ್‌ಸಿಇಆರ್‌ಟಿಯ ಹತ್ತನೇ ತರಗತಿಯಲ್ಲಿ ಈವರೆಗೆ ಮಕ್ಕಳು ಓದಿದ್ದು ಯುರೋಪಿನಲ್ಲಿ ರಾಷ್ಟ್ರೀಯತೆಯ ಹುಟ್ಟು, ಅಧಿಕಾರ ಹಂಚಿಕೆ, ಒಕ್ಕೂಟ ವ್ಯವಸ್ಥೆ, ಹಣ ಮತ್ತು ಸಾಲ, ಆರ್ಥಿಕತೆಯ ವಲಯಗಳು ಇಂಥವನ್ನು. ಕಿತ್ತೂರು ಚೆನ್ನಮ್ಮನ ಬಗ್ಗೆ ಎರಡು ಪುಟ ಬರೆಯಬಲ್ಲವಳಿಗೆ ಗ್ಯಾರಿಬಾಲ್ಡಿ ಯಾರೆಂದು ಗೊತ್ತಿರುವುದಿಲ್ಲ. ಎನ್‌ಸಿಇಆರ್‌ಟಿ ಪುಸ್ತಕಗಳನ್ನು ಅದರ ಜಾಲತಾಣದಿಂದ ಬಿಟ್ಟಿಯಾಗಿ ಇಳಿಸಿಕೊಳ್ಳಬಹುದು. ಇತಿಹಾಸ, ಭೂಗೋಳ, ರಾಜ್ಯಶಾಸ್ತ್ರ, ಅರ್ಥಶಾಸ್ತ್ರ ನಾಲ್ಕು ತೆಳು ಪುಸ್ತಕಗಳು. ಎಸ್‌ಎಸ್‌ಎಲ್‌ಸಿ ಓದು ಕೆಡದಂತೆ ವಾರಕ್ಕೊಂದು ಪಾಠ ಕಥೆಯಂತೆ ಓದಿಕೊಂಡರೆ ಜನವರಿ ಹೊತ್ತಿಗೆ ಮುಗಿಯುತ್ತದೆ.

ಇಂಗ್ಲಿಷ್‌ನ ಇಪ್ಪತ್ತಕ್ಕೆ ವ್ಯಾಕರಣವೂ ಗದ್ಯ ಓದಿ ಉತ್ತರಿಸುವುದೂ ಸಾಕು, ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ‘ಹಿಂದಿ ಸುಲಭ, ಹಿಂದಿ ಮಾಧ್ಯಮ ಹಾಕಿ’ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ತೃತೀಯ ಭಾಷೆಯಾಗಿ ಓದಿದ ಹಿಂದಿಯಲ್ಲಿ ಭೌತಶಾಸ್ತ್ರದ ಪ್ರಶ್ನೆ ಅರ್ಥವಾಗುವುದಿಲ್ಲ.

ಸೀಟು ಸಿಕ್ಕ ಮೇಲಿನ ಪಾಠವೂ ಇಂಗ್ಲಿಷ್‌ನಲ್ಲೇ. ಇದಕ್ಕೆ ಹೆದರಿ ನವೋದಯ ಬಿಡುವವರನ್ನು ಕಂಡಿದ್ದೇನೆ, ಆದರೆ ಅವರು ಸೇರುವ ಪಿಯು ವಿಜ್ಞಾನದಲ್ಲೂ ಪುಸ್ತಕ ಇಂಗ್ಲಿಷ್‌ನದೇ. ಹೊಳೆ ಇಲ್ಲಿ ದಾಟಿದರೂ ಅಲ್ಲಿ ದಾಟಿದರೂ ದಾಟಲೇಬೇಕು. ನವೋದಯದಲ್ಲಾದರೆ ಮೇಷ್ಟ್ರು ಅದೇ ಆವರಣದಲ್ಲಿರುತ್ತಾರೆ, ರಾತ್ರಿ ಊಟದ ನಂತರದ ಓದಿನ ಹೊತ್ತಿನಲ್ಲೂ ಹೋಗಿ ಕೇಳಬಹುದು. ನನ್ನ ಮಟ್ಟಿಗೆ ನವೋದಯದ ದೊಡ್ಡ ಲಾಭ ಇದು, ಫಲಿತಾಂಶದ ಪಟ್ಟಿ ಆಮೇಲೆ.

ದುಡ್ಡಿನ ಲೆಕ್ಕಕ್ಕೆ ಬರೋಣ. ಊಟ, ವಸತಿ, ಸಮವಸ್ತ್ರ, ಪಠ್ಯಪುಸ್ತಕ ಎಲ್ಲ ಉಚಿತ. ಒಂಬತ್ತರಿಂದ ಹನ್ನೆರಡರವರೆಗೆ ವಿದ್ಯಾಲಯ ವಿಕಾಸ ನಿಧಿ ಎಂದು ತಿಂಗಳಿಗೆ 600 ರೂಪಾಯಿ ತೆಗೆದುಕೊಳ್ಳುತ್ತಾರೆ, ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. ಸರ್ಕಾರಿ ನೌಕರರ ಮಕ್ಕಳಿಗೆ ದರ ಬೇರೆ. ನಿಮ್ಮದು ಗೌರವಧನದ ಕೆಲಸ, ಆದರೂ ಅರ್ಜಿಯಲ್ಲಿ ಉದ್ಯೋಗದ ಕಾಲಂ ತುಂಬುವಾಗ ಇದ್ದದ್ದನ್ನು ಇದ್ದಂತೆ ಬರೆಯಿರಿ.

ಎನ್‌ಎಂಎಂಎಸ್ ಮಾತ್ರ ನಿಲ್ಲುತ್ತದೆ. ಒಂಬತ್ತರಿಂದ ಹನ್ನೆರಡರವರೆಗೆ ವರ್ಷಕ್ಕೆ 12,000 ರೂಪಾಯಿ ಕೊಡುವ ಆ ಯೋಜನೆ ನವೋದಯ, ಕೇಂದ್ರೀಯ ವಿದ್ಯಾಲಯದಲ್ಲಿ ಓದುವವರಿಗಿಲ್ಲ. ಅಂದರೆ ಎರಡು ವರ್ಷಕ್ಕೆ 24,000 ರೂಪಾಯಿ ಬಿಡಬೇಕಾಗುತ್ತದೆ. ಆದರೆ ಪಿಯು ಓದಿಗೆ ಹೊರಗೆ ಹಾಸ್ಟೆಲ್ಲೋ ದಿನಾ ಬಸ್ಸೋ ಎಂದು ಆಗುವ ಖರ್ಚಿನ ಮುಂದೆ ಇದನ್ನಿಟ್ಟು ನೋಡಿ. ಒಂದು ವೇಳೆ ನವೋದಯ ಆಗದೆ ಸರ್ಕಾರಿ ಪಿಯು ಕಾಲೇಜಿಗೆ ಸೇರಿದರೆ ವೇತನ ಮುಂದುವರಿಯಲು ಎಸ್‌ಎಸ್‌ಎಲ್‌ಸಿಯಲ್ಲಿ ಶೇಕಡಾ 60 ಬೇಕು, ನವೀಕರಣದ ಅರ್ಜಿ ಹಾಕುವುದನ್ನು ಮರೆಯಬೇಡಿ.

2ಎ ಎಂದಿರಿ. ಇದು ರಾಜ್ಯದ ವರ್ಗೀಕರಣ. ನವೋದಯ ಕೇಂದ್ರದ ಸಂಸ್ಥೆ, ಅದಕ್ಕೆ ಬೇಕಾದದ್ದು ಕೇಂದ್ರದ ಒಬಿಸಿ ಪಟ್ಟಿಯ ಪ್ರಮಾಣಪತ್ರ. ರಾಜ್ಯದ ಪಟ್ಟಿಯಲ್ಲಿದ್ದೂ ಕೇಂದ್ರದ ಪಟ್ಟಿಯಲ್ಲಿಲ್ಲದ ಜಾತಿಗಳಿವೆ. ನಿಮ್ಮದು ಇದೆಯೇ ಎಂದು ನೋಡಿ, ಇದ್ದರೆ ನಾಡಕಚೇರಿಯಲ್ಲಿ ‘ಕೇಂದ್ರ ಸರ್ಕಾರದ ಉದ್ದೇಶಕ್ಕೆ’ ಎಂದು ಹೇಳಿಯೇ ಅರ್ಜಿ ಕೊಡಿ. ಹಾಗೆ ಹೇಳದಿದ್ದರೆ ಮಾಮೂಲಿ ಜಾತಿ ಆದಾಯ ಪತ್ರವೇ ಕೈಗೆ ಬರುತ್ತದೆ, ಅದು ಇಲ್ಲಿ ನಡೆಯುವುದಿಲ್ಲ. ನಮ್ಮ ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿಗೆಂದು ಕೊಡುವ 371ಜೆ ಪತ್ರವೂ ನವೋದಯದಲ್ಲಿ ಉಪಯೋಗಕ್ಕೆ ಬರದು. ಆದರೆ ಜೋಪಾನವಾಗಿಡಿ, ಸಿಇಟಿ ಹೊತ್ತಿಗೆ ಬೇಕು.

ಸಿಇಟಿಯ ಪ್ರಶ್ನೆ ಕೇಳಿದ್ದು ಒಳ್ಳೆಯದಾಯಿತು. ನಿಮ್ಮ ಮಗಳ ವಿಷಯದಲ್ಲಿ ಏನೂ ಹೋಗುವುದಿಲ್ಲ. ಗ್ರಾಮೀಣ ಮೀಸಲಾತಿ ಶೇಕಡಾ 15, ಕನ್ನಡ ಮಾಧ್ಯಮದ್ದು ಶೇಕಡಾ 5, ಎರಡಕ್ಕೂ ಸಿಇಟಿ ನಡೆಸುವ ಕೆಇಎ ನೋಡುವುದು ಒಂದರಿಂದ ಹತ್ತನೇ ತರಗತಿಯವರೆಗಿನ ಹತ್ತು ವರ್ಷಗಳನ್ನು. ಆ ಹತ್ತೂ ವರ್ಷ ಅವಳು ಹಳ್ಳಿಯಲ್ಲಿ, ಕನ್ನಡದಲ್ಲಿ ಓದಿದ್ದಾಳೆ. ಹನ್ನೊಂದು, ಹನ್ನೆರಡನ್ನು ಸಿಬಿಎಸ್‌ಇ ಇಂಗ್ಲಿಷ್‌ನಲ್ಲಿ ಓದಿದರೂ ಎರಡೂ ಅವಳದೇ. (ತಮ್ಮನ ಮಾತು ಕೇಳಿ ಹತ್ತನೇ ತರಗತಿಗೆ ಧಾರವಾಡ ಶಹರಕ್ಕೆ ಕಳಿಸಿದ್ದರೆ ಗ್ರಾಮೀಣದ್ದು ಹೋಗುತ್ತಿತ್ತು, ನೋಡಿ.) ಎಂಜಿನಿಯರಿಂಗ್ ರ‍್ಯಾಂಕಿಗೆ ಸಿಇಟಿ ಅಂಕ ಅರ್ಧ, ಹನ್ನೆರಡನೆಯ ತರಗತಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕ ಅರ್ಧ, ಸಿಬಿಎಸ್‌ಇ ಅಂಕಗಳೂ ಹಾಗೆಯೇ ಲೆಕ್ಕಕ್ಕೆ ಬರುತ್ತವೆ. ಹತ್ತೂ ವರ್ಷದ ವ್ಯಾಸಂಗ ಪ್ರಮಾಣಪತ್ರಗಳಿಗೆ ಪ್ರಾಥಮಿಕ ಶಾಲೆಯಿಂದಲೂ ಪ್ರೌಢಶಾಲೆಯಿಂದಲೂ ಬಿಇಒ ರುಜು ಬೇಕಾಗುತ್ತದೆ. ಮಗಳು ಊರಲ್ಲಿರುವಾಗಲೇ ಮಾಡಿಸಿಟ್ಟರೆ ಆಮೇಲೆ ಅಲೆಯುವುದು ತಪ್ಪುತ್ತದೆ.

ಆಯ್ಕೆಯಾದರೆ ಪ್ರವೇಶದ ದಿನ ಬೇಕಾಗುವವು: ಜನ್ಮದಿನಾಂಕದ ದಾಖಲೆ, ವಾಸಸ್ಥಳ ಪ್ರಮಾಣಪತ್ರ, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ವರ್ಗಾವಣೆ ಪತ್ರ, ಮೀಸಲಾತಿ ಇದ್ದರೆ ಅದರ ಪತ್ರ, ವೈದ್ಯಕೀಯ ಪ್ರಮಾಣಪತ್ರ. ರಾಜ್ಯ ಮಂಡಳಿಯಿಂದ ಸಿಬಿಎಸ್‌ಇಗೆ ಹೋಗುವುದರಿಂದ ವಲಸೆ ಪ್ರಮಾಣಪತ್ರವನ್ನೂ ಕೇಳುತ್ತಾರೆ.

ಪಿಯು ಪ್ರವೇಶದ ದಿನಗಳು ಯಾರಿಗೂ ಕಾಯುವುದಿಲ್ಲ. ನವೋದಯದಲ್ಲಿ ಮೊದಲ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೂ, ಸೇರದೆ ಉಳಿದವರ ಜಾಗಕ್ಕೆ ಆಮೇಲೆ ಕರೆಯುವುದುಂಟು. ಆದ್ದರಿಂದ ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ಕೂಡಲೇ ಹತ್ತಿರದ ಸರ್ಕಾರಿ ಪಿಯು ಕಾಲೇಜಿನ ವಿಜ್ಞಾನಕ್ಕೆ ಸೇರಿಸಿಬಿಡಿ. ಕರೆ ಬಂದರೆ ಅಲ್ಲಿಂದ ವರ್ಗಾವಣೆ ಪತ್ರ ತೆಗೆದುಕೊಂಡು ಹೋಗಬಹುದು. ಹಿಂದಿರುಗಿಸದ ದೊಡ್ಡ ಮೊತ್ತವನ್ನು ಮೊದಲೇ ಕಟ್ಟಿಸಿಕೊಳ್ಳುವ ಖಾಸಗಿ ಕಾಲೇಜಿಗೆ ಮಾತ್ರ ಈ ಕಾಯುವ ದಿನಗಳಲ್ಲಿ ಹೋಗಬೇಡಿ.

ನೀವು ಕೇಳದ ಒಂದು ವಿಷಯ ಹೇಳುತ್ತೇನೆ. ಹನ್ನೊಂದಕ್ಕೆ ಹೊಸದಾಗಿ ಬರುವ ಮಕ್ಕಳಿಗೆ ಮೊದಲ ಎರಡು ತಿಂಗಳು ಓದಿಗಿಂತ ಒಂಟಿತನ ಭಾರ. ಉಳಿದವರು ಆರನೇ ತರಗತಿಯಿಂದ ಒಟ್ಟಿಗೇ ಬೆಳೆದವರು. ಅರಾವಳಿ, ನೀಲಗಿರಿ, ಶಿವಾಲಿಕ್, ಉದಯಗಿರಿ ಎಂದು ಹೌಸ್‌ಗಳು, ಅವರವರದೇ ಅಡ್ಡಹೆಸರು, ಐದು ವರ್ಷದ ನಗೆಚಾಟಿಕೆ. ಮೊಬೈಲ್ ಇಟ್ಟುಕೊಳ್ಳುವ ಹಾಗಿಲ್ಲ. ಮೊದಲ ಭೇಟಿಯಲ್ಲೇ ‘ಮನೆಗೆ ಕರಕೊಂಡು ಹೋಗವ್ವಾ’ ಎಂದು ಅಳಬಹುದು. ದಸರಾ ರಜೆಯವರೆಗೆ ತಡೆಯಿರಿ. ರಜೆಗೆ ಬಂದವಳು ವಾರಕ್ಕೇ ಗೆಳತಿಯರ ಹೆಸರು ಹೇಳತೊಡಗಿದರೆ ಸರಿಹೋದಂತೆ. ಆಗಲೂ ಊಟ ಬಿಟ್ಟು, ನಿದ್ದೆ ಬಿಟ್ಟು ಸೊರಗಿದ್ದರೆ ಹೌಸ್ ಮಿಸ್ಟ್ರೆಸ್ ಹತ್ತಿರ ಕೂತು ಮಾತಾಡಿ.

ಮಗನಿಗೆ ಇರುವುದು ತಲೆಬಾಗಿಲೇ. ಆರನೇ ತರಗತಿಯ ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು: ಎರಡು ಗಂಟೆ, 80 ಪ್ರಶ್ನೆ, ಅದರಲ್ಲಿ ಅರ್ಧ ಮಾನಸಿಕ ಸಾಮರ್ಥ್ಯ, ಉಳಿದರ್ಧ ಅಂಕಗಣಿತ ಮತ್ತು ಭಾಷೆ. ಐದನೇ ತರಗತಿಯಲ್ಲಿ ಓದುತ್ತಿರುವಾಗ ಒಂದೇ ಒಂದು ಸಲ ಬರೆಯಲು ಅವಕಾಶ. ಸೀಟುಗಳಲ್ಲಿ ಶೇಕಡಾ 75 ಗ್ರಾಮೀಣ ಮಕ್ಕಳಿಗೆ, ಆದರೆ ಮೂರು, ನಾಲ್ಕು, ಐದನೇ ತರಗತಿಗಳನ್ನು ಪೂರ್ತಿಯಾಗಿ ಹಳ್ಳಿಯ ಶಾಲೆಯಲ್ಲೇ ಓದಿರಬೇಕು. ಅವನ ಮೂರನೆಯದು ಎಲ್ಲಿ ಆಯಿತು ಎಂದು ನೀವು ಬರೆದಿಲ್ಲ. ಊರಿನಲ್ಲೇ ಆಗಿದ್ದರೆ ಐದು ಮುಗಿಯುವವರೆಗೆ ಅಲ್ಲಿಂದ ಕದಲಿಸಬೇಡಿ. ಇನ್ನೊಂದು ಮಾತು: ಅವನು ಆರಕ್ಕೇ ನವೋದಯಕ್ಕೆ ಹೋದರೆ, ಅಕ್ಕನಿಗೆ ಉಳಿಯುವ ಕನ್ನಡ ಮಾಧ್ಯಮದ ಆ ಶೇಕಡಾ 5 ಅವನಿಗೆ ಉಳಿಯುವುದಿಲ್ಲ. ನನ್ನನ್ನು ಕೇಳಿದರೆ ಏಳು ವರ್ಷದ ಆ ಶಾಲೆಗೆ ಅದು ಕೊಡಬಹುದಾದ ಬೆಲೆಯೇ. ಆದರೆ ಅರ್ಜಿ ಹಾಕುವ ಮುಂಚೆ ಯಜಮಾನರೂ ನೀವೂ ಕೂತು ಒಮ್ಮೆ ಮಾತಾಡಿಕೊಳ್ಳಿ.